ಮರುಭೂಮಿಯಿಂದ ಪೆಸಿಫಿಕ್ ಕಡಲಿಗೆ: ಒಂದೇ ದಿನದಲ್ಲಿ ಹೋಗಿ ಬರಲು ಬೀಚ್ ಆರಿಸುವ ಬಗೆ

ದಕ್ಷಿಣ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್, ಪಾಮ್ ಡೆಸರ್ಟ್, ಇಂಡಿಯೊ ಕಡೆ ಇರುವವರಿಗೆ ಜುಲೈ ಬಂತೆಂದರೆ ಮನಸ್ಸು ಸಮುದ್ರದ ಕಡೆಗೇ ಎಳೆಯುತ್ತದೆ. ಇಲ್ಲಿ ಜುಲೈ ಮಧ್ಯಾಹ್ನ ಎಂದರೆ ಸಾಧಾರಣವಾಗಿ 42 ಡಿಗ್ರಿ ಸೆಲ್ಸಿಯಸ್. 2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ 51 ಡಿಗ್ರಿ ದಾಟಿತ್ತು. ಅದೇ ತಿಂಗಳಲ್ಲಿ ನ್ಯೂಪೋರ್ಟ್ ಬೀಚಿನಲ್ಲಿ 22, 23 ಡಿಗ್ರಿಯ ತಂಪು ಗಾಳಿ ಬೀಸುತ್ತಿರುತ್ತದೆ. ನಡುವೆ ಇರುವುದು ಸುಮಾರು 120 ಮೈಲಿ, ಅಂದರೆ 190 ಕಿಲೋಮೀಟರ್. ರಸ್ತೆ ಖಾಲಿ ಇದ್ದರೆ ಎರಡು ಗಂಟೆ ಚಿಲ್ಲರೆ. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು.

ಆದರೆ ಯಾವ ಬೀಚ್? ನಾನು ಮೊದಲ ಸಲ ಫೋಟೋ ನೋಡಿ ಆರಿಸಿದ್ದೆ. ಕುಂದಾಪುರದಿಂದ ಅಮ್ಮ ಬಂದಿದ್ದರು. ಲಗೂನಾ ಬೀಚ್ ಊರಿನ ದಕ್ಷಿಣಕ್ಕಿರುವ ಥೌಸಂಡ್ ಸ್ಟೆಪ್ಸ್ ಬೀಚಿನ ಚಿತ್ರ ತುಂಬಾ ಚೆನ್ನಾಗಿತ್ತು. ಶನಿವಾರ ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟೆವು. ಕೊರೋನಾ ಊರಿನ ಹತ್ತಿರ 91ನೇ ಹೆದ್ದಾರಿಯಲ್ಲಿ ಸಿಕ್ಕಿಕೊಂಡೆವು. ಮುಟ್ಟುವಾಗ ಒಂದೂವರೆ. ಪಾರ್ಕಿಂಗ್ ಹುಡುಕಲು ಇನ್ನೊಂದು ಗಂಟೆ. ಕೊನೆಗೆ ಮೆಟ್ಟಿಲ ಬಾಯಿಗೆ ಬಂದು ನಿಂತರೆ, ಸಾವಿರ ಅಲ್ಲದಿದ್ದರೂ ಇನ್ನೂರಕ್ಕಿಂತ ಜಾಸ್ತಿ ಮೆಟ್ಟಿಲು. ಅಮ್ಮನಿಗೆ ಮಂಡಿ ನೋವು. "ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ಕಾಣ್ತೇನೆ" ಎಂದು ಮೇಲೇ ಉಳಿದರು. ಹುಟ್ಟಿದಂದಿನಿಂದ ಕಡಲಿನ ಪಕ್ಕದಲ್ಲೇ ಬದುಕಿದ ಹೆಂಗಸು ಅಷ್ಟು ದೂರ ಬಂದು ನೀರು ಮುಟ್ಟದೆ ವಾಪಸ್ ಹೋದರು. ನನಗೆ ಅದು ಇವತ್ತಿಗೂ ನೋವು.

ಅಂದಿನಿಂದ ಬೀಚ್ ಆರಿಸುವ ರೀತಿಯನ್ನೇ ಬದಲಿಸಿದೆ. ಮೊದಲು ಜನ, ಆಮೇಲೆ ವಾಪಸ್ ಬರುವ ದಾರಿ, ಆಮೇಲೆ ಹವಾಮಾನ. ಚಂದ ಕಡೆಗೆ. ಈ ಕರಾವಳಿಯಲ್ಲಿ ಚಂದವಿಲ್ಲದ ಬೀಚೇ ಕಡಿಮೆ, ಅದರ ಚಿಂತೆ ಬೇಡ.

ಮೊದಲ ಹೆಜ್ಜೆ: ಕಾರಿನಲ್ಲಿ ಯಾರಿದ್ದಾರೆ?

ಒಂದು ಚೀಟಿಯಲ್ಲಿ ಬರುವವರ ಹೆಸರು ಬರೆಯಿರಿ. ಪಕ್ಕದಲ್ಲಿ ಅವರಿಗೆ ಏನು ಬೇಕು, ಏನು ಆಗುವುದಿಲ್ಲ ಎಂದು ಬರೆಯಿರಿ. ಸುಮ್ನೆ ಹೇಳುತ್ತಿಲ್ಲ, ಐದು ನಿಮಿಷದ ಈ ಕೆಲಸದಿಂದ ಅರ್ಧ ತೀರ್ಮಾನ ಆಗಿಬಿಡುತ್ತದೆ.

ವಯಸ್ಸಾದವರಿದ್ದರೆ ಪಾರ್ಕಿಂಗ್ ಮತ್ತು ಮರಳು ಒಂದೇ ಮಟ್ಟದಲ್ಲಿರುವ ಬೀಚ್ ಬೇಕು. ಈ ಕರಾವಳಿಯ ಅರ್ಧ ಭಾಗ ಕಡಿದಾದ ಗುಡ್ಡದ ಕೆಳಗಿದೆ. ಲಗೂನಾ ಬೀಚಿನ ಎಷ್ಟೋ ಚಿಕ್ಕ ಚಿಕ್ಕ ಬೀಚ್‌ಗಳಿಗೆ ಮೆಟ್ಟಿಲೇ ದಾರಿ. ನಡೆಯಲು ಕಷ್ಟವಿರುವವರಿಗೆ ಮರಳ ಮೇಲೆ ಉರುಳುವ, ಬಲೂನಿನಂಥ ದಪ್ಪ ಚಕ್ರದ ಗಾಲಿಕುರ್ಚಿ ಹಲವು ಬೀಚ್‌ಗಳಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ, ಸಂಖ್ಯೆ ಕಡಿಮೆ ಇರುತ್ತದೆ.

ಚಿಕ್ಕ ಮಕ್ಕಳಿದ್ದರೆ ಅಲೆ ಸಣ್ಣದಿರಬೇಕು, ಶೌಚಾಲಯ ಹತ್ತಿರವಿರಬೇಕು. ಹದಿಹರೆಯದವರಿಗೆ ಅಲೆ ದೊಡ್ಡದಿದ್ದರೆ ಖುಷಿ. ಎಲ್ಲರೂ ಇದ್ದರೆ? ಅತಿ ಕಷ್ಟದಲ್ಲಿ ನಡೆಯುವವರಿಗೆ ಹೊಂದುವ ಬೀಚನ್ನೇ ಆರಿಸಿ. ಉಳಿದವರು ಹೊಂದಿಕೊಳ್ಳುತ್ತಾರೆ.

ಎರಡನೆಯದು: ದಾರಿ ಯಾವುದು, ಯಾವ ವಾರ

ಮರುಭೂಮಿಯಿಂದ ಹೊರಡುವ ಮುಖ್ಯ ದಾರಿ ಇಂಟರ್‌ಸ್ಟೇಟ್ 10. ಗಾಳಿಯಂತ್ರಗಳ ಸಾಲು ದಾಟಿ ಬ್ಯಾನಿಂಗ್, ಬೋಮಾಂಟ್‌ವರೆಗೆ ಹೆಚ್ಚಿನವರೆಲ್ಲ ಹೋಗುತ್ತಾರೆ. ಅಲ್ಲಿಂದ 60ನೇ ರಸ್ತೆ ಹಿಡಿದ ಮೇಲೆ ಎರಡು ಕವಲು.

ಒಂದು, ರಿವರ್‌ಸೈಡ್‌ನಲ್ಲಿ 91 ಹಿಡಿದು ಆರೆಂಜ್ ಕೌಂಟಿಗೆ. ಹಂಟಿಂಗ್ಟನ್, ನ್ಯೂಪೋರ್ಟ್, ಲಗೂನಾ ಎಲ್ಲ ಈ ಕಡೆ. ಇನ್ನೊಂದು, 215ರಲ್ಲಿ ದಕ್ಷಿಣಕ್ಕೆ ಇಳಿದು 15ಕ್ಕೆ ಸೇರಿ, ಅಲ್ಲಿಂದ 76ರಲ್ಲಿ ಓಷನ್‌ಸೈಡ್‌ಗೆ. ಕಾರ್ಲ್ಸ್‌ಬ್ಯಾಡ್, ಎನ್ಸಿನಿಟಾಸ್, ಲಹೋಯಾ ಈ ಕಡೆ. ಲಹೋಯಾ ಎಂದು ಹೇಳುವ ಊರನ್ನು ನಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಓದಿದರೆ ಲಾ ಜೊಲ್ಲಾ ಎನ್ನುವಂತೆ ಕಾಣುತ್ತದೆ, ಗಲಿಬಿಲಿ ಬೇಡ.

ಪಾಮ್ ಡೆಸರ್ಟ್‌ನಿಂದಲೇ ಬೆಟ್ಟ ಹತ್ತುವ 74ನೇ ರಸ್ತೆಯೂ ಇದೆ. ಅದರಿಂದ 371ಕ್ಕೆ ತಿರುಗಿದರೆ ಆನ್ಜಾ ಮೂಲಕ ಟೆಮೆಕ್ಯುಲಾ ಕಡೆಗೆ ಹೋಗಬಹುದು. ನೋಟ ಅದ್ಭುತ, ಕೆಳಗೆ ಇಡೀ ಕಣಿವೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಆದರೆ ಶುರುವಿನ ತಿರುವುಗಳು ನಮ್ಮ ಆಗುಂಬೆ ಘಾಟಿಯನ್ನು ನೆನಪಿಸುತ್ತವೆ. ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಮಗು ಇದ್ದರೆ ಬೇಡ.

91ರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಸಮುದ್ರದ ಕಡೆಗೆ, ಸಂಜೆ ಮೂರರಿಂದ ಏಳರವರೆಗೆ ಒಳನಾಡಿನ ಕಡೆಗೆ ಅದು ತುಂಬಿ ನಿಲ್ಲುತ್ತದೆ. ಅಲ್ಲಿಂದ ಲಗೂನಾ ಕಡೆಗೆ ಇಳಿಯುವ 241 ಟೋಲ್ ರಸ್ತೆ ಸಮಯ ಉಳಿಸುತ್ತದೆ. ಅಲ್ಲಿ ಹಣ ಕಟ್ಟುವ ಬೂತ್ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಕೆಲವೇ ದಿನಗಳೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಮರೆತರೆ ದಂಡ ಬರುತ್ತದೆ.

ವಾರದ ವಿಷಯದಲ್ಲಿ ನನ್ನ ಮಾತು ಇಷ್ಟೇ: ಶುಕ್ರವಾರ ಬೇಡವೇ ಬೇಡ. ಅವತ್ತು ಸಂಜೆ ಲಾಸ್ ಏಂಜಲೀಸ್ ಜನವೆಲ್ಲ ವಾರಾಂತ್ಯ ಕಳೆಯಲು ನಮ್ಮ ಮರುಭೂಮಿಯ ಕಡೆಗೇ ಬರುತ್ತಿರುತ್ತಾರೆ, ನೀವೂ ಅವರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ರಜೆ ಸಿಕ್ಕರೆ ಮಂಗಳವಾರ, ಬುಧವಾರ ಒಳ್ಳೆಯದು. ವಾರಾಂತ್ಯವೇ ಆಗಬೇಕಿದ್ದರೆ ಭಾನುವಾರ. ಅವತ್ತು ಅವರು ವಾಪಸ್ ಹೋಗುವ ದಿಕ್ಕು ಬೇರೆ, ನೀವು ಬರುವ ದಿಕ್ಕು ಬೇರೆ.

ಬೆಳಿಗ್ಗೆ ಆರಕ್ಕೆ ಕಾರು ಮನೆ ಬಿಟ್ಟಿರಬೇಕು. ಎಂಟೂಕಾಲಿಗೆ ಬೀಚ್, ಪಾರ್ಕಿಂಗ್ ನಿಮ್ಮದು. ಬೇಸಿಗೆಯ ಶನಿವಾರ, ಭಾನುವಾರ ಹತ್ತು ಗಂಟೆಗೆ ಒಳ್ಳೆಯ ಜಾಗಗಳೆಲ್ಲ ಭರ್ತಿ.

ಮಂಜಿನ ಲೆಕ್ಕ

ಇದನ್ನು ಗೊತ್ತಿಲ್ಲದೆ ಹೋಗಿ ಬೇಜಾರಾದವರು ತುಂಬಾ ಜನ. ಮೇ ಕೊನೆಯಲ್ಲೋ ಜೂನ್‌ನಲ್ಲೋ 40 ಡಿಗ್ರಿ ಬಿಸಿಲಿನಲ್ಲಿ ಹೊರಡುತ್ತೀರಿ. ಮೈಮೇಲೆ ತೆಳು ಅಂಗಿ, ಕಾಲಿಗೆ ಚಪ್ಪಲಿ. ಕಡಲು ಮುಟ್ಟಿದರೆ ಬೂದು ಬಣ್ಣದ ಆಕಾಶ, ಸೂರ್ಯನ ಸುಳಿವಿಲ್ಲ, 17 ಡಿಗ್ರಿ ಚಳಿ. ಇಲ್ಲಿಯವರು ಇದನ್ನು ಮೇ ಗ್ರೇ, ಜೂನ್ ಗ್ಲೂಮ್ ಎನ್ನುತ್ತಾರೆ.

ಕಾರಣ ಸರಳ. ಇಲ್ಲಿನ ಕಡಲಿಗೆ ಉತ್ತರದಿಂದ ತಣ್ಣನೆಯ ಪ್ರವಾಹ ಇಳಿದು ಬರುತ್ತದೆ. ತಣ್ಣೀರಿನ ಮೇಲಿನ ಗಾಳಿ ತಂಪಾಗಿ, ಭಾರವಾಗಿ, ಕೆಳಗೇ ಕೂತು ಮೋಡ ಕಟ್ಟುತ್ತದೆ. ಮೇಲಿನ ಬಿಸಿ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಅದನ್ನು ಅದುಮಿ ಇಟ್ಟಿರುತ್ತದೆ. ಇತ್ತ ಮರುಭೂಮಿ ಕಾದು ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಸಮುದ್ರದ ಗಾಳಿ ಒಳಕ್ಕೆ ನುಗ್ಗುತ್ತದೆ. ನೀವು ಬರುವಾಗ ದಾಟಿದ ಆ ಸಾವಿರಾರು ಗಾಳಿಯಂತ್ರಗಳನ್ನು ತಿರುಗಿಸುವುದು ಇದೇ ಗಾಳಿ. ಬೆಟ್ಟಗಳ ನಡುವಿನ ಸ್ಯಾನ್ ಗೊರ್ಗೋನಿಯೊ ಕಣಿವೆ ಒಂದು ಕಿಂಡಿ ಇದ್ದಂತೆ. ನಾವು ಯಾವ ತಂಪನ್ನು ಹುಡುಕಿ ಹೋಗುತ್ತೇವೋ ಅದೇ ತಂಪು ನಮ್ಮ ಎದುರಿಗೆ ಬರುತ್ತಿರುತ್ತದೆ. ಇದು ಗೊತ್ತಾದ ಮೇಲೆ ಆ ಯಂತ್ರಗಳನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು.

ಹಾಗಾದರೆ ಏನು ಮಾಡಬೇಕು? ಜೂನ್‌ನಲ್ಲಿ ಹೋಗುವುದಾದರೆ ಬೆಳಗಿನ ಹೊತ್ತನ್ನು ನಡಿಗೆಗೆ, ಬಂಡೆಗಳ ನಡುವಿನ ಜೀವಿಗಳನ್ನು ನೋಡಲು ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಮೋಡ ಹರಿಯುತ್ತದೆ. ಕೆಲವು ದಿನ ಹರಿಯುವುದೇ ಇಲ್ಲ. ಎಲ್ಲರಿಗೂ ಒಂದೊಂದು ಸ್ವೆಟರ್ ಇರಲಿ. ಮೋಡವಿದ್ದರೂ ಸನ್‌ಸ್ಕ್ರೀನ್ ಹಚ್ಚಿ, ಚರ್ಮ ಸುಡುವ ಕಿರಣ ಮೋಡ ತೂರಿಕೊಂಡು ಬರುತ್ತದೆ.

ನನ್ನನ್ನು ಕೇಳಿದರೆ ಸೆಪ್ಟೆಂಬರ್, ಅಕ್ಟೋಬರ್ ಎಲ್ಲಕ್ಕಿಂತ ಒಳ್ಳೆಯ ಕಾಲ. ಶಾಲೆ ಶುರುವಾಗಿ ಜನ ಕಡಿಮೆ. ಮಂಜು ಕಡಿಮೆ. ಬೇಸಿಗೆಯಿಡೀ ಕಾದ ನೀರು ಇನ್ನೂ 19, 20 ಡಿಗ್ರಿ ಇರುತ್ತದೆ. ನಮ್ಮ ಮರುಭೂಮಿ ಮಾತ್ರ ಆಗಲೂ ಕುದಿಯುತ್ತಿರುತ್ತದೆ, ಅಲ್ವಾ? ಹೊರಡಲು ಬೇರೆ ಕಾರಣ ಬೇಕಿಲ್ಲ.

ನೀರಿನ ಬಗ್ಗೆ ಊರಿಂದ ಬಂದವರಿಗೆ ಮೊದಲೇ ಹೇಳಿಬಿಡಿ. ನಮ್ಮ ಕರಾವಳಿಯ ನೀರು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಆಗಸ್ಟ್‌ನಲ್ಲೂ 20, 21. ಚಳಿಗಾಲದಲ್ಲಿ 14. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಇಟ್ಟವರೇ ಹಿಂದಕ್ಕೆ ಜಿಗಿದರು. "ಎಂತ ಚಳಿ ಮಾರಾಯ್ತಿ ಈ ನೀರು! ಇದು ಕಡಲಾ, ಫ್ರಿಜ್ಜಾ?" ಎಂದರು. ಐದು ನಿಮಿಷದ ಮೇಲೆ ಮತ್ತೆ ಹೋಗಿ ನಿಂತರು. ಆಮೇಲೆ ಕರೆದರೂ ಬರಲಿಲ್ಲ.

ಈಗ ಬೀಚ್‌ಗಳು

ಮೊದಲ ಸಲ ಹೋಗುವವರಿಗೆ, ವಯಸ್ಸಾದವರಿಗೆ, ದೊಡ್ಡ ಗುಂಪಿಗೆ ಹಂಟಿಂಗ್ಟನ್ ಬೀಚ್. ಅಮ್ಮ ನೀರಲ್ಲಿ ನಿಂತಿದ್ದು ಇಲ್ಲೇ. ಎಲ್ಲ ಸಪಾಟು. ಪಾರ್ಕಿಂಗ್ ವಿಶಾಲ, ಅಲ್ಲಿಂದ ಮರಳಿಗೆ ಇಳಿಯಲು ಮೆಟ್ಟಿಲಿಲ್ಲ. ದಂಡೆಯುದ್ದಕ್ಕೂ ಮೈಲಿಗಟ್ಟಲೆ ಕಾಂಕ್ರೀಟ್ ಹಾದಿ ಇದೆ, ಗಾಲಿಕುರ್ಚಿ, ಮಗುವಿನ ಗಾಡಿ ಎರಡೂ ಓಡುತ್ತವೆ. ಊರಿನ ಮಧ್ಯದಲ್ಲಿ ಸಮುದ್ರದೊಳಕ್ಕೆ ಅರ್ಧ ಕಿಲೋಮೀಟರಿಗಿಂತ ಉದ್ದದ ಪಿಯರ್, ಅಂದರೆ ನೀರಿನ ಮೇಲೆ ಚಾಚಿದ ಸೇತುವೆ. ಅದರ ಮೇಲೆ ನಿಂತು ಕೆಳಗೆ ಸರ್ಫ್ ಮಾಡುವವರನ್ನು ನೋಡುತ್ತಾ ಒಂದು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಅಲೆ ಮಾತ್ರ ಜೋರು. ಚಿಕ್ಕ ಮಕ್ಕಳನ್ನು ಮೊಣಕಾಲಿನ ನೀರಿಗಿಂತ ಒಳಕ್ಕೆ ಬಿಡಬೇಡಿ.

ಚಿಕ್ಕ ಮಕ್ಕಳೇ ಮುಖ್ಯವಾದರೆ ನ್ಯೂಪೋರ್ಟ್ ಪಕ್ಕದ ಕರೋನಾ ಡೆಲ್ ಮಾರ್ ಸ್ಟೇಟ್ ಬೀಚ್. ಬಂದರಿನ ಬಾಯಿಯಲ್ಲಿ ಕಲ್ಲಿನ ತಡೆಗೋಡೆ ಇರುವುದರಿಂದ ಅಲೆ ಅಷ್ಟು ಹೊಡೆಯುವುದಿಲ್ಲ. ಹಾಯಿದೋಣಿಗಳು ಹೋಗಿ ಬರುವುದನ್ನು ನೋಡುತ್ತಾ ಕೂರಬಹುದು. ಆ ಬಾಯಿಯ ಆಚೆ ದಡದಲ್ಲಿ ದಿ ವೆಡ್ಜ್ ಎಂಬ ಜಾಗವಿದೆ. ಅಲ್ಲಿ ಅಲೆ ಗೋಡೆಯಂತೆ ಎದ್ದು ನೇರ ದಡದ ಮೇಲೇ ಒಡೆಯುತ್ತದೆ. ಕತ್ತು, ಬೆನ್ನು ಮುರಿದುಕೊಂಡವರಿದ್ದಾರೆ. ನೋಡಲು ಹೋಗಿ, ಇಳಿಯಬೇಡಿ.

ಬಂಡೆಗಳ ನಡುವಿನ ಕೊಳಗಳನ್ನು ನೋಡುವ ಆಸೆಯಿದ್ದರೆ ಕ್ರಿಸ್ಟಲ್ ಕೋವ್. ನೀರು ಇಳಿದಾಗ ಬಂಡೆಯ ಗುಳಿಗಳಲ್ಲಿ ಉಳಿದ ನೀರಿನಲ್ಲಿ ಬೇರೆಯದೇ ಒಂದು ಲೋಕ ಇರುತ್ತದೆ. ಹಸಿರು ಹೂವಿನಂಥ ಅನಿಮೋನ್, ಬೇರೆ ಶಂಖದೊಳಗೆ ಮನೆ ಮಾಡಿಕೊಂಡ ಏಡಿ, ಕೆಲವೊಮ್ಮೆ ನಕ್ಷತ್ರ ಮೀನು. ಬಗ್ಗಿ ಕೂತು ಎರಡು ನಿಮಿಷ ಅಲ್ಲಾಡದೆ ಇರಿ. ಮೊದಲು ಬರೀ ಕಲ್ಲು ಕಾಣುತ್ತದೆ. ಆಮೇಲೆ ಒಂದು ಶಂಖ ಮೆಲ್ಲಗೆ ಕಾಲು ಚಾಚಿ ನಡೆಯಲು ಶುರು ಮಾಡುತ್ತದೆ. ಚಿಪ್ಪನ್ನಾಗಲಿ, ಜೀವಿಯನ್ನಾಗಲಿ ಮನೆಗೆ ತರುವಂತಿಲ್ಲ, ಕಾನೂನಿದೆ. ಮಕ್ಕಳಿಗೆ ಕಾರಿನಲ್ಲೇ ಹೇಳಿ ಇಳಿಸಿ.

ದಕ್ಷಿಣದ ದಾರಿ ಹಿಡಿದವರಿಗೆ ನನ್ನ ಮೆಚ್ಚಿನ ಜೋಡಿ ಎನ್ಸಿನಿಟಾಸ್‌ನ ಮೂನ್‌ಲೈಟ್ ಬೀಚ್ ಮತ್ತು ಸ್ವಾಮೀಸ್. ಮೂನ್‌ಲೈಟ್‌ನಲ್ಲಿ ಮಕ್ಕಳ ಆಟದ ಜಾಗ, ಶೌಚಾಲಯ, ಶವರ್ ಎಲ್ಲ ಕೈಗೆ ಸಿಗುವ ದೂರದಲ್ಲಿವೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಪರಮಹಂಸ ಯೋಗಾನಂದರ ಆಶ್ರಮ. 1930ರ ದಶಕದಲ್ಲಿ ಕಟ್ಟಿದ್ದು. ಕಡಲಿಗೆ ಮುಖ ಮಾಡಿದ ಧ್ಯಾನದ ತೋಟಕ್ಕೆ ಪ್ರವೇಶ ಉಚಿತ. ಅದರ ಕೆಳಗಿನ ಅಲೆಗಳಿಗೆ ಸರ್ಫ್ ಮಾಡುವವರು ಆ ಸ್ವಾಮಿಗಳ ಹೆಸರನ್ನೇ ಇಟ್ಟಿದ್ದಾರೆ, ಅದಕ್ಕೇ ಸ್ವಾಮೀಸ್. ಕೆಳಗಿನ ಬೀಚಿಗೆ ಮೆಟ್ಟಿಲು ಜಾಸ್ತಿ. ದೊಡ್ಡವರು ತೋಟದಲ್ಲಿ ಮೀನಿನ ಕೊಳದ ಹತ್ತಿರ ಕೂರಲಿ, ಮಕ್ಕಳನ್ನು ನೀವು ಮೂನ್‌ಲೈಟ್‌ಗೆ ಕರೆದೊಯ್ಯಿರಿ. ತೋಟ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ.

ಇನ್ನೂ 20 ನಿಮಿಷ ದೂರ ಹೋಗಲು ತಯಾರಿದ್ದರೆ ಲಹೋಯಾ ಶೋರ್ಸ್. ಮರಳು ನಿಧಾನವಾಗಿ ಆಳವಾಗುತ್ತದೆ, ಪಕ್ಕದಲ್ಲೇ ಹುಲ್ಲುಹಾಸಿನ ಪಾರ್ಕ್. ಬೇಸಿಗೆಯ ಕೊನೆಯಲ್ಲಿ ಮೈಮೇಲೆ ಚುಕ್ಕೆಯಿರುವ ಲೆಪರ್ಡ್ ಶಾರ್ಕ್‌ಗಳು ತೆಳು ನೀರಿಗೆ ಬರುತ್ತವೆ, ಅವು ಮನುಷ್ಯರಿಗೆ ಏನೂ ಮಾಡುವುದಿಲ್ಲ. ಹತ್ತಿರದ ಲಹೋಯಾ ಕೋವ್‌ನಲ್ಲಿ ಸೀ ಲಯನ್‌ಗಳು ಬಂಡೆಯ ಮೇಲೆ ಮಲಗಿರುತ್ತವೆ. ದೂರದಿಂದ ನೋಡಿ. ವಾಸನೆಯೂ ಸಾಕಷ್ಟಿರುತ್ತದೆ.

ಸ್ಯಾನ್ ಡಿಯೇಗೊ ಪಕ್ಕದ ಕೊರೊನಾಡೊ ಬಗ್ಗೆ ಎಲ್ಲರೂ ಕೇಳುತ್ತಾರೆ. ಮರಳಿನಲ್ಲಿ ಅಭ್ರಕದ ಚೂರು ಬೆರೆತು ಚಿನ್ನದ ಪುಡಿಯಂತೆ ಹೊಳೆಯುತ್ತದೆ, 1888ರ ಹಳೆಯ ಮರದ ಹೋಟೆಲ್ ನೋಡಲು ಸೊಗಸು. ಆದರೆ ಒಂದು ದಿನಕ್ಕೆ ದೂರವಾಯಿತು. ಜೊತೆಗೆ ಟಿಹುವಾನಾ ನದಿಯಿಂದ ಬರುವ ಕೊಳಚೆ ನೀರಿನಿಂದಾಗಿ ಅಲ್ಲಿ ನೀರಿಗಿಳಿಯಬೇಡಿ ಎಂಬ ಫಲಕ ಆಗಾಗ ಬೀಳುತ್ತದೆ. ಒಂದು ರಾತ್ರಿ ಉಳಿಯುವುದಾದರೆ ಹೋಗಿ. ಸಾಂತಾ ಮೋನಿಕಾವನ್ನೂ ಇದೇ ಲೆಕ್ಕಕ್ಕೆ ಸೇರಿಸುತ್ತೇನೆ. ಇಡೀ ಲಾಸ್ ಏಂಜಲೀಸ್ ದಾಟಿ ಹೋಗಬೇಕು.

ಹಿಂದಿನ ರಾತ್ರಿ ನೋಡಬೇಕಾದ ಮೂರು ವಿಷಯ

ಭರತ, ಇಳಿತದ ಸಮಯ. ಬಂಡೆಯ ಕೊಳ ನೋಡಲು ಇಳಿತಕ್ಕಿಂತ ಒಂದು ಗಂಟೆ ಮೊದಲು ಅಲ್ಲಿರಬೇಕು. ಇಲ್ಲಿ ಒಂದು ವಿಚಿತ್ರವಿದೆ: ತುಂಬಾ ಕೆಳಗಿಳಿಯುವ ಇಳಿತ ಬೇಸಿಗೆಯಲ್ಲಿ ನಸುಕಿನಲ್ಲಿ, ಚಳಿಗಾಲದಲ್ಲಿ ಮಧ್ಯಾಹ್ನ. ಹಾಗಾಗಿ ಮರುಭೂಮಿಯಿಂದ ಹೋಗುವ ನಮಗೆ ಕ್ರಿಸ್ಟಲ್ ಕೋವ್‌ಗೆ ಡಿಸೆಂಬರ್, ಜನವರಿಯೇ ಸರಿ.

ನೀರಿನ ಶುದ್ಧತೆ. ಹೀಲ್ ದ ಬೇ ಎಂಬ ಸಂಸ್ಥೆ ಒಂದೊಂದು ಬೀಚಿಗೂ ಎ ಯಿಂದ ಎಫ್‌ವರೆಗೆ ಶಾಲೆಯ ಅಂಕಪಟ್ಟಿಯಂತೆ ಶ್ರೇಣಿ ಕೊಡುತ್ತದೆ. ಅದನ್ನು ನೋಡಿ. ಮಳೆ ಬಂದಿದ್ದರೆ ಮೂರು ದಿನ ನೀರಿಗಿಳಿಯಬೇಡಿ. ಊರಿನ ರಸ್ತೆಯ ಕೊಳೆಯೆಲ್ಲ ಚರಂಡಿಯಲ್ಲಿ ಹರಿದು ಬಂದು ಸೇರುವುದು ಅಲ್ಲಿಗೇ.

ಮೂರನೆಯದು ವೆಬ್ ಕ್ಯಾಮೆರಾ. ಬಹುತೇಕ ಬೀಚ್‌ಗಳ ನೇರ ಚಿತ್ರ ಫೋನಿನಲ್ಲಿ ಸಿಗುತ್ತದೆ. ಎರಡು ದಿನ ಮುಂಚಿನಿಂದಲೇ ಮಧ್ಯಾಹ್ನ ಒಂದು ಗಂಟೆಗೆ ತೆರೆದು ನೋಡಿ. ಮೋಡ ಎಷ್ಟು ಹೊತ್ತಿಗೆ ಹರಿಯುತ್ತಿದೆ ಎಂದು ಅಂದಾಜು ಸಿಗುತ್ತದೆ.

ಕಾರಿನ ಎಸಿ, ಟೈರಿನ ಗಾಳಿ, ಕೂಲಂಟ್ ಇವನ್ನೂ ಅವತ್ತೇ ನೋಡಿಬಿಡಿ. ಬ್ಯಾನಿಂಗ್ ಕಡೆಗಿನ ಏರಿನಲ್ಲಿ ಬಿಸಿಯಾಗಿ ನಿಂತ ಕಾರುಗಳನ್ನು ನಾನು ನೋಡಿದ್ದೇನೆ. ತಲೆಗೆ ಎರಡು ಬಾಟಲಿಯಷ್ಟು ನೀರು ಕಾರಿನಲ್ಲಿ ಇರಲೇಬೇಕು.

ನೀರಿಗಿಳಿಯುವ ಮುಂಚೆ

ಲೈಫ್‌ಗಾರ್ಡ್ ಗೋಪುರದ ಹತ್ತಿರವೇ ಚಾಪೆ ಹಾಸಿ. ಹೋಗಿ "ಇವತ್ತು ಸೆಳೆತ ಎಲ್ಲಿದೆ?" ಎಂದು ಕೇಳಿ. ಖುಷಿಯಿಂದ ತೋರಿಸುತ್ತಾರೆ. ಸೆಳೆತ ಎಂದರೆ ದಡದಿಂದ ಕಡಲಿನ ಒಳಕ್ಕೆ ಎಳೆದೊಯ್ಯುವ ನೀರಿನ ಹರಿವು. ನೀವೇ ಗುರುತಿಸಬೇಕೆಂದರೆ ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಗಾಢ ಬಣ್ಣದಲ್ಲಿ ಕಂಡರೆ ಅದೇ ಸೆಳೆತ. ಅಪಾಯ ಏನೆಂದರೆ, ಗೊತ್ತಿಲ್ಲದವರಿಗೆ ಅದೇ ಒಳ್ಳೆಯ ಜಾಗದಂತೆ ಕಾಣುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡಕ್ಕೆ ತಿರುಗಿ.

ಮರಳಿನಡಿ ತೊರಕೆ ಮೀನು ಅಡಗಿರುತ್ತದೆ. ಸೀಲ್ ಬೀಚ್ ಮತ್ತು ಲಹೋಯಾ ಶೋರ್ಸ್‌ನಲ್ಲಿ ಇದು ಜಾಸ್ತಿ. ಪಾದ ಎತ್ತಿ ಇಡದೆ ಮರಳಿನ ಮೇಲೆ ಎಳೆದುಕೊಂಡು ನಡೆಯಿರಿ, ಸದ್ದಿಗೆ ಅದು ಓಡಿಹೋಗುತ್ತದೆ. ಚುಚ್ಚಿದರೆ ಲೈಫ್‌ಗಾರ್ಡ್ ಹತ್ತಿರ ಹೋಗಿ. ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಡಿಸುತ್ತಾರೆ, ನೋವು ಇಳಿಯುತ್ತದೆ.

ಗಾಜಿನ ಬಾಟಲಿ, ಮದ್ಯ ಇಲ್ಲಿನ ಬೀಚ್‌ಗಳಲ್ಲಿ ಸಾಮಾನ್ಯವಾಗಿ ನಿಷೇಧ. ಚಿತ್ರಾನ್ನ, ಮೊಸರನ್ನವನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತನ್ನಿ. ಇಲ್ಲಿನ ಕಡಲಕಾಗೆಗಳು ಕೈಯಲ್ಲಿರುವುದನ್ನೇ ಕಿತ್ತುಕೊಳ್ಳುತ್ತವೆ.

ವಾಪಸ್ ಬರುವುದು

ಎರಡೇ ದಾರಿ. ಮಧ್ಯಾಹ್ನ ಒಂದೂವರೆಗೆ ಹೊರಟುಬಿಡಿ, ಇಲ್ಲವೇ ಏಳರ ಮೇಲೆ ಹೊರಡಿ. ನಡುವಿನ ಹೊತ್ತು ರಸ್ತೆಯಲ್ಲಿ ಕಳೆದುಹೋಗುತ್ತದೆ. ನಾವು ಯಾವಾಗಲೂ ಏಳರ ಮೇಲೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ಎಂಟಕ್ಕೆ. ಇಲ್ಲೂ ಕಡಲು ಪಶ್ಚಿಮಕ್ಕೇ ಇದೆ, ಕುಂದಾಪುರದ ಹಾಗೆ ಸೂರ್ಯ ನೀರಿಗೇ ಇಳಿಯುತ್ತಾನೆ. ಅಮ್ಮ ಕೈ ಮುಗಿದು ನಿಂತರು, ನಾವು ಪಕ್ಕದಲ್ಲಿ ನಿಂತೆವು. ಡಿಸೆಂಬರ್‌ನಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆಗ ಲೆಕ್ಕ ಬೇರೆ.

ಹಂಟಿಂಗ್ಟನ್‌ಗೆ ಹೋದವರಿಗೆ ಇನ್ನೊಂದು ಅನುಕೂಲವಿದೆ. 605 ಹಿಡಿದು ಆರ್ಟೀಸಿಯಾಕ್ಕೆ ಹೋಗಿ. ಅಲ್ಲಿನ ಪಯೊನೀರ್ ಬೀದಿಯಲ್ಲಿ ಭಾರತದ ಅಂಗಡಿ, ಹೋಟೆಲುಗಳ ಸಾಲೇ ಇದೆ. ದೋಸೆ ತಿಂದು, ಕರಿಬೇವು, ಹಸಿಮೆಣಸು, ತೊಗರಿಬೇಳೆ ಕಟ್ಟಿಸಿಕೊಂಡು ಹೊರಬಿದ್ದರೆ ಪಕ್ಕದಲ್ಲೇ 91. ಅಷ್ಟು ಹೊತ್ತಿಗೆ ಅದೂ ಸಡಿಲವಾಗಿರುತ್ತದೆ.

ಕಾರು ಹತ್ತುವ ಮುಂಚೆ ಒದ್ದೆ ಕಾಲಿಗೆ ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ ಉಜ್ಜಿ, ಅಂಟಿದ ಮರಳೆಲ್ಲ ಉದುರಿಹೋಗುತ್ತದೆ. ಓಡಿಸುವವರ ಪಕ್ಕ ಒಬ್ಬರು ಎಚ್ಚರವಿರಲಿ, ಬಿಸಿಲಿನಲ್ಲಿ ದಿನವಿಡೀ ಕೂತ ಮೇಲೆ ಕಣ್ಣು ಎಳೆಯುತ್ತದೆ. ಬೋಮಾಂಟ್‌ನಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿಯಿರಿ. ಆಮೇಲೆ ಇಳಿಜಾರು. ಕತ್ತಲಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೆ ಮಿಟುಕುತ್ತಿರುತ್ತವೆ. ಹತ್ತೂವರೆಗೆ ಮನೆ ಬಾಗಿಲಲ್ಲಿ ಇಳಿದರೆ ಹೊರಗೆ ಇನ್ನೂ 36 ಡಿಗ್ರಿ ಇರಬಹುದು. ಒದ್ದೆ ಟವೆಲ್‌ಗಳನ್ನು ಹಿತ್ತಲ ಗೋಡೆಯ ಮೇಲೆ ಹರವಿ ಒಳಗೆ ಹೋಗಿ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತವೆ.